ಬೆಳಗ್ಗೆ 10 ಗಂಟೆಯ ರೂಲ್: ಬೆಂಕಿ ಆರಿಸಿ ಆರಿಸಿ ಕಾಡು ಕಳ್ಕೊಂಡ ಕಥೆ

ಇವತ್ತು ಒಂದು ರೂಲ್‌ನಿಂದ ಶುರು ಮಾಡ್ತೀನಿ. 1935ರಲ್ಲಿ ಅಮೆರಿಕದ ಫಾರೆಸ್ಟ್ ಸರ್ವಿಸ್, ಅಂದ್ರೆ ಅಲ್ಲಿನ ರಾಷ್ಟ್ರೀಯ ಅರಣ್ಯಗಳನ್ನ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ, ಒಂದು ನಿಯಮ ತಂತು. ಕಾಡಲ್ಲಿ ಎಲ್ಲೇ ಬೆಂಕಿ ಕಂಡರೂ ಮಾರನೇ ದಿನ ಬೆಳಗ್ಗೆ 10 ಗಂಟೆಯೊಳಗೆ ಅದು ಹತೋಟಿಗೆ ಬರಬೇಕು. ಬರಲಿಲ್ವಾ? ಅದರ ಮರುದಿನ 10 ಗಂಟೆಗೆ ಗುರಿ. ಕೇಳೋಕೆ ಸರಿಯಾಗೇ ಇದೆ ಅಲ್ವಾ? ಆದ್ರೆ ಕಾಡು ಉಳಿಸೋಕೆ ಮಾಡಿದ ಈ ರೂಲೇ ಕಾಡಿಗೆ ಮುಳುವಾಯ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. 19ನೇ ಶತಮಾನದಲ್ಲಿ ಮರದ ಕಂಪನಿಗಳು ಅಮೆರಿಕದ ಕಾಡನ್ನ ಬೋಳಿಸ್ತಾ ಬಂದಿದ್ವು. 1891ರ ಒಂದು ಕಾನೂನು ಸರ್ಕಾರಿ ಕಾಡನ್ನ ಮೀಸಲಿಡೋ ಅಧಿಕಾರವನ್ನ ಅಧ್ಯಕ್ಷರಿಗೆ ಕೊಡ್ತು. 1905ರಲ್ಲಿ ಫಾರೆಸ್ಟ್ ಸರ್ವಿಸ್ ಹುಟ್ಟಿತು. ಅದರ ಮೊದಲ ಮುಖ್ಯಸ್ಥ ಗಿಫರ್ಡ್ ಪಿಂಚೊ. ಇಲ್ಲೊಂದು ಇಂಡಿಯಾ ಕನೆಕ್ಷನ್ ಇದೆ: ಪಿಂಚೊಗೆ ಗುರುವಿನಂತಿದ್ದವರು ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್. 1864ರಲ್ಲಿ ಬ್ರಿಟಿಷ್ ಇಂಡಿಯಾದ ಅರಣ್ಯ ಇಲಾಖೆಯ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದವರು ಇವರೇ.

ಪಿಂಚೊ ಲೆಕ್ಕ ನನ್ನಂಥ ಕಾಮರ್ಸ್ ಓದಿದವರಿಗೆ ಬೇಗ ಅರ್ಥ ಆಗುತ್ತೆ. ಕಾಡು ಅಸಲು, ವರ್ಷ ವರ್ಷ ಬೆಳೆಯೋ ಮರ ಬಡ್ಡಿ. ಬಡ್ಡಿ ತಿನ್ನಿ, ಅಸಲು ಮುಟ್ಟಬೇಡಿ. ಈ ಲೆಕ್ಕದಲ್ಲಿ ಬೆಂಕಿ ಅಂದ್ರೆ ಬರೀ ನಷ್ಟ.

ಆಮೇಲೆ ಬಂತು 1910ರ ಆಗಸ್ಟ್. ಐಡಾಹೊ ಮತ್ತು ಮೊಂಟಾನಾದಲ್ಲಿ ಬಿರುಗಾಳಿಗೆ ನೂರಾರು ಬೆಂಕಿಗಳು ಒಂದಾಗಿ, ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟುಹೋಯ್ತು. 80ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುತೇಕರು ಬೆಂಕಿ ಆರಿಸೋಕೆ ಹೋದವರು. ಎಡ್ ಪುಲಾಸ್ಕಿ ಅನ್ನೋ ರೇಂಜರ್ ತನ್ನ ತಂಡವನ್ನ ಗಣಿಯ ಸುರಂಗದೊಳಗೆ ನುಗ್ಗಿಸಿ, ಹೊರಗೆ ಓಡೋಕೆ ಹೊರಟವರನ್ನ ಪಿಸ್ತೂಲು ತೋರಿಸಿ ತಡೆದ. ತಂಡದ ಹೆಚ್ಚಿನವರು ಬದುಕಿದರು. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ ಇರೋ 'ಪುಲಾಸ್ಕಿ' ಅನ್ನೋ ಸಲಕರಣೆಗೆ ಹೆಸರು ಬಂದಿದ್ದು ಇವನಿಂದಲೇ. ಇಂದಿಗೂ ಬೆಂಕಿ ಆರಿಸೋರ ಕೈಲಿ ಅದು ಇರುತ್ತೆ.

ಆ ದುರಂತ ನೋಡಿದ್ದ ಅಧಿಕಾರಿಗಳೇ ಮುಂದೆ ಸಂಸ್ಥೆಯ ಮುಖ್ಯಸ್ಥರಾದರು. 10 ಗಂಟೆ ರೂಲ್ ತಂದ ಫರ್ಡಿನೆಂಡ್ ಸಿಲ್ಕಾಕ್ಸ್ ಕೂಡ ಅವರಲ್ಲೊಬ್ಬ. ಅವರ ಭಯ ಸುಳ್ಳಲ್ಲ. ಆದ್ರೆ ಒಂದು ವಿಷಯ ಲೆಕ್ಕಕ್ಕೆ ಬರಲಿಲ್ಲ. ಪಶ್ಚಿಮ ಅಮೆರಿಕದ ಪಾಂಡರೋಸಾ ಪೈನ್ ಕಾಡಲ್ಲಿ ಕೆಲವು ವರ್ಷಕ್ಕೊಮ್ಮೆ ಸಣ್ಣ ಬೆಂಕಿ ನೆಲದ ಮೇಲೆ ಹರಿದು, ಒಣಗಿದ ಎಲೆ, ಪೊದೆ ತಿಂದು ಹೋಗ್ತಿತ್ತು. ದಪ್ಪ ತೊಗಟೆಯ ದೊಡ್ಡ ಮರಕ್ಕೆ ಏನೂ ಆಗ್ತಿರಲಿಲ್ಲ. ಪ್ರತಿ ಕಿಡಿಯನ್ನೂ ಆರಿಸಿದಾಗ ಆ ಕಸ ಅಲ್ಲೇ ಉಳೀತು. ತೀರಿಸದ ಸಾಲದ ಹಾಗೆ ವರ್ಷ ವರ್ಷ ಬೆಳೀತು. ಮುಂದೆ ಬೆಂಕಿ ಬಿದ್ದಾಗ ಅದು ಮರದ ತುದಿಯವರೆಗೂ ಹತ್ತಿತು.

ಇದು ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಕರುಕ್, ಯುರೋಕ್ ಮೂಲನಿವಾಸಿಗಳು ತಾವೇ ಸಣ್ಣ ಬೆಂಕಿ ಹಾಕ್ತಿದ್ರು. ಬುಟ್ಟಿ ಹೆಣೆಯೋ ಕಡ್ಡಿ ನೆಟ್ಟಗೆ ಚಿಗುರಲಿ ಅಂತ, ಓಕ್ ಕಾಯಿ ಚೆನ್ನಾಗಿ ಸಿಗಲಿ ಅಂತ. ಸರ್ಕಾರ ಅದನ್ನ ಅಪರಾಧ ಅಂದಿತು.

1978ರಲ್ಲಿ 10 ಗಂಟೆ ರೂಲ್ ಕೈಬಿಟ್ಟರು. ಅಷ್ಟರಲ್ಲಿ ದಶಕಗಳ ಬಾಕಿ ಇತ್ತು. 1995ರಲ್ಲಿ ಸಂಸ್ಥೆಯ ಬಜೆಟ್‌ನ ಶೇ. 16ರಷ್ಟು ಬೆಂಕಿಗೆ ಹೋಗ್ತಿತ್ತು. 2015ರಲ್ಲಿ ಅದು ಅರ್ಧ ದಾಟಿತು. ಗಿಡ ನೆಡೋಕೆ, ನೀರಿನ ಮೂಲ ಕಾಯೋಕೆ ಇರೋ ದುಡ್ಡೇ ಕಡಿಮೆ ಆಯ್ತು. ಈಗ ಸಂಸ್ಥೆಯೇ ಯೋಜನೆ ಮಾಡಿ ಬೆಂಕಿ ಹಾಕುತ್ತೆ. ಅದೂ ಸುಲಭ ಇಲ್ಲ. 2022ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಹೀಗೆ ಹಾಕಿದ ಬೆಂಕಿ ಕೈತಪ್ಪಿ, ಆ ರಾಜ್ಯದ ಇತಿಹಾಸದಲ್ಲೇ ಅತಿ ದೊಡ್ಡ ಕಾಳ್ಗಿಚ್ಚಾಯ್ತು. ನೂರಾರು ಮನೆ ಹೋದವು.

ಇಷ್ಟು ದೂರದ ಕಥೆ ನಮಗ್ಯಾಕೆ? ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟಕ್ಕೆ ಬನ್ನಿ. ಅಲ್ಲಿನ ಸೋಲಿಗರು ಬೇಸಿಗೆ ಬಲಿಯೋ ಮೊದಲೇ ನೆಲದ ತರಗೆಲೆಗೆ ಸಣ್ಣ ಬೆಂಕಿ ಹಾಕ್ತಿದ್ರು. ಅದಕ್ಕೆ 'ತರಗು ಬೆಂಕಿ' ಅಂತಾನೇ ಹೆಸರು. 1974ರಲ್ಲಿ ಅದು ಅಭಯಾರಣ್ಯ ಆದ ಮೇಲೆ ಅದು ನಿಂತಿತು. ಬೆಂಕಿ ನಿಂತ ಮೇಲೇ ಲಂಟಾನ ಕಾಡೆಲ್ಲ ಆವರಿಸಿತು, ನೆಲ್ಲಿ ಮರಕ್ಕೆ ಬದನಿಕೆ ಹೆಚ್ಚಾಯ್ತು ಅನ್ನೋದು ಸೋಲಿಗರ ಮಾತು. ಲಂಟಾನ ಹೆಚ್ಚಿದ್ದನ್ನ ಸಂಶೋಧಕರೂ ದಾಖಲಿಸಿದ್ದಾರೆ.

ಹಾಗಂತ ನಾವ್ಯಾರೂ ಬೆಂಕಿಪೊಟ್ಟಣ ಹಿಡ್ಕೊಂಡು ಕಾಡಿಗೆ ಹೋಗೋದಲ್ಲ. ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು, ಕಾಡು ಹೋಗುತ್ತೆ. ಯಾವ ಬೆಂಕಿ, ಯಾವಾಗ, ಯಾರ ಕೈಲಿ ಅನ್ನೋದೇ ಪ್ರಶ್ನೆ. ಅಮೆರಿಕದ ಕೆಲವು ಕಡೆ ಫಾರೆಸ್ಟ್ ಸರ್ವಿಸ್ ಈಗ ಕರುಕ್ ಜನರ ಜೊತೆ ಕೂತು ಅದನ್ನ ಕೇಳ್ತಿದೆ. ನಮ್ಮಲ್ಲಿ ಕೇಳೋಕೆ ಸೋಲಿಗರ ಹಿರಿಯರು ಇನ್ನೂ ಇದ್ದಾರೆ. ಅವರಿರುವಾಗಲೇ ಕೇಳಬೇಕು.