ಚಂಡಮಾರುತದ ಚರಿತ್ರೆ

ಕಾರ್ತಿಕಮಾಸದಲ್ಲಿ ಮಾರತ್ತಹಳ್ಳಿಯ ಮೇಲೆ ಮೋಡ ಮುಸುಕಿ ಜಡಿಮಳೆ ಹಿಡಿದರೆ, ಮದರಾಸಿನ ಕಡೆ ತುಫಾನು ಎದ್ದಿರಬೇಕೆಂದು ಜನ ಆಡಿಕೊಳ್ಳುವುದುಂಟು. ಕಡಲಿನಿಂದ ಸುಮಾರು 300 ಕಿಲೋಮೀಟರು ದೂರದಲ್ಲಿ, ಸುಮಾರು 900 ಮೀಟರು ಎತ್ತರದಲ್ಲಿರುವ ನಮಗೆ ಅದರ ಗೊಡವೆ ಏಕೆಂದು ಶ್ರೋತೃಗಳು ಕೇಳಬಹುದು. ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತನು ಹಡಗುಗಳ ದಿನಚರಿಗಳನ್ನು ಒಟ್ಟುಗೂಡಿಸಿ ಬಂಗಾಳಕೊಲ್ಲಿಯ ಬಿರುಗಾಳಿಗಳನ್ನು ಶೋಧಿಸಿದನು. ಅವು ಸುತ್ತುತ್ತ ಸಾಗುವುದನ್ನು ಕಂಡು, ಹಾವಿನ ಸುರುಳಿಯನ್ನು ನೆನಪಿಗೆ ತರುವ ಗ್ರೀಕ್ ಮಾತಿನಿಂದ ‘ಸೈಕ್ಲೋನ್’ ಎಂಬ ಹೆಸರನ್ನು ಕಟ್ಟಿ, 1848ರಲ್ಲಿ ನಾವಿಕರಿಗಾಗಿ ಬರೆದ ಗ್ರಂಥದಲ್ಲಿ ಪ್ರಚುರಪಡಿಸಿದನು.

ಇದರ ರಚನೆ ವಿಚಿತ್ರವಾದುದು. ಬೆಚ್ಚಗಿನ ಕಡಲಿನಿಂದ ಏಳುವ ನೀರಾವಿಯು ಮೇಲೆ ತಣಿದು ಮೋಡವಾಗುವಾಗ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖವೇ ಚಂಡಮಾರುತದ ಆಹಾರ. ಕೆಳಗೆ ವಾಯುಭಾರವು ಕುಸಿದಂತೆಲ್ಲ ಸುತ್ತಣ ಗಾಳಿಯು ಒಳನುಗ್ಗಿ, ಭೂಮಿಯ ಭ್ರಮಣದಿಂದ ಓರೆಯಾಗಿ, ನಮ್ಮ ಉತ್ತರಾರ್ಧಗೋಲದಲ್ಲಿ ಎಡಸುತ್ತಾಗಿ ತಿರುಗುತ್ತದೆ. ನಡುವೆ ಶಾಂತವಾದ ‘ಕಣ್ಣು’. ಅದರ ಸುತ್ತಣ ಮೋಡದ ಗೋಡೆಯಲ್ಲಿ ಅತ್ಯುಗ್ರವಾದ ಗಾಳಿ. ಕಣ್ಣು ಹಾಯುವಾಗ ಗಾಳಿ ನಿಂತಿತೆಂದು ನಂಬಿ ಹೊರಬಂದವರನ್ನು ಎದುರು ದಿಕ್ಕಿನ ಗಾಳಿ ಹಿಡಿಯುತ್ತದೆ. ಆದರೂ ಕರಾವಳಿಯಲ್ಲಿ ಗಾಳಿಗಿಂತ ಹೆಚ್ಚಾಗಿ ಕೊಂದದ್ದು, ಅದು ದಡಕ್ಕೆ ತಳ್ಳಿದ ಕಡಲಿನ ಉಬ್ಬರ. 1977ರ ನವೆಂಬರಿನಲ್ಲಿ ಆಂಧ್ರದ ದಿವಿಸೀಮೆಯಲ್ಲಿ ಸಾವಿರಾರು ಜನರನ್ನು ಕೊಚ್ಚಿ ಒಯ್ದದ್ದು ಇದೇ.

ಮಾತ್ಲಾ ನದಿಯ ದಡದಲ್ಲಿ ಹೊಸ ರೇವು ಕಟ್ಟಲು ಸರ್ಕಾರವು ಹೊರಟಾಗ, ಕಡಲಿನ ಉಬ್ಬರವು ಅದನ್ನು ಮುಳುಗಿಸೀತೆಂದು ಪಿಡಿಂಗ್ಟನ್ 1853ರಲ್ಲಿ ಗವರ್ನರ್ ಜನರಲ್ಲರಿಗೆ ಬರೆದು ಎಚ್ಚರಿಸಿದನು. ಯಾರೂ ಕಿವಿಗೊಡಲಿಲ್ಲ. ಪೋರ್ಟ್ ಕ್ಯಾನಿಂಗ್ ಎದ್ದಿತು. 1867ರ ತುಫಾನಿನಲ್ಲಿ ಹಾಳಾಯಿತು. ಅದನ್ನು ನೋಡಲು ಆತನು ಬದುಕಿರಲಿಲ್ಲ. ಕಲ್ಕತ್ತೆಯನ್ನು ಧ್ವಂಸಮಾಡಿದ 1864ರ ಚಂಡಮಾರುತವೂ ಅನಂತರದ ಕ್ಷಾಮಗಳೂ ಕಣ್ಣು ತೆರೆಸಿದ ಮೇಲೆ, 1875ರಲ್ಲಿ ಭಾರತದ ಹವಾಮಾನ ಇಲಾಖೆಯು ಸ್ಥಾಪಿತವಾಯಿತು. ಮುನ್ಸೂಚನೆಯ ಫಲವನ್ನು ಒಡಿಶಾದಲ್ಲಿ ನೋಡಬಹುದು: 1999ರಲ್ಲಿ ಅಲ್ಲಿ ಸುಮಾರು 10,000 ಮಂದಿ ಸತ್ತರು, 2013ರ ಫೈಲಿನ್ ಚಂಡಮಾರುತಕ್ಕೆ ಮೊದಲು ಲಕ್ಷಾಂತರ ಜನರನ್ನು ಸ್ಥಳಾಂತರಿಸಿದ್ದರಿಂದ ಸತ್ತವರು ಕೆಲವೇ ಹತ್ತುಗಳು.

ಈಗ ನಮ್ಮ ಮಾತು. ನೆಲ ಹತ್ತಿದ ಚಂಡಮಾರುತಕ್ಕೆ ಕಡಲಿನ ಆವಿ ದೊರೆಯದು. ಅದರ ಗಾಳಿಯು ಬೆಂಗಳೂರನ್ನು ಮುಟ್ಟುವುದರೊಳಗೆ ಸೊರಗುತ್ತದೆ. ಆದರೆ ಮಳೆಯು ಹಾಗಲ್ಲ. 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ನೆಲ ಹತ್ತಿದ ಫೆಂಗಲ್, ಬಲಗುಂದಿದ ಮೇಲೆಯೂ ನಮ್ಮ ನೆರೆಯ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರು ಮಳೆ ಸುರಿಸಿತು. ಅಷ್ಟು ಮಳೆ ನಮ್ಮ ಮೇಲೆ ಬಿದ್ದಿದ್ದರೆ? 2022ರ ಸೆಪ್ಟೆಂಬರಿನಲ್ಲಿ ಯಾವ ಚಂಡಮಾರುತವೂ ಇಲ್ಲದೆ, ಬರಿಯ ಮುಂಗಾರಿನ ಮಳೆಗೇ ಮಾರತ್ತಹಳ್ಳಿ, ಬೆಳ್ಳಂದೂರುಗಳ ಹೊರವರ್ತುಲ ರಸ್ತೆ ಕೆರೆಯಾಗಿ, ಜನ ಟ್ರಾಕ್ಟರು ಹತ್ತಿ ಕಛೇರಿಗೆ ಹೋದರು. ಕೆರೆಯಿಂದ ಕೆರೆಗೆ ನೀರೊಯ್ಯುತ್ತಿದ್ದ ರಾಜಕಾಲುವೆಗಳ ಮೇಲೆ ನಾವು ಕಟ್ಟಡ ಎಬ್ಬಿಸಿದ್ದೆವು. ಪಿಡಿಂಗ್ಟನ್ನನ ಪತ್ರವನ್ನು ಬದಿಗಿಟ್ಟವರನ್ನು ಹಳಿಯುವ ಮೊದಲು, ಮಹಾಶಯರೇ, ನಮ್ಮ ಮನೆಯ ಬಳಿಯ ಕಾಲುವೆ ಎಲ್ಲಿ ಹರಿಯುತ್ತಿತ್ತೆಂದು ಒಮ್ಮೆ ವಿಚಾರಿಸುವುದು ಒಳ್ಳೆಯದು.