ಚೆಂಡು ಹೊಲಿದವರ ನೆಲ

ಊರೊಂದು ಹೇಗೆ ಒಟ್ಟಾಗುತ್ತದೆ? ಭೂಮಿ ಬಿಸಿಯಾಗ್ತಿದೆ, ಮಳೆಯ ಲೆಕ್ಕ ತಪ್ಪಿದೆ ಅಂತ ಭಾಷಣ ಬಿಗಿದರೆ ಯಾರೂ ಬೀದಿಗೆ ಬರುವುದಿಲ್ಲ. ಒಟ್ಟಾಗುವುದಕ್ಕೂ ಒಂದು ಚರಿತ್ರೆ ಬೇಕು.

ಫಲ್ಗುಣಿ ದಂಡೆಯ ಪೊಳಲಿಯಲ್ಲಿ ಜಾತ್ರೆಯ ಕೊನೆಗೆ ಚೆಂಡು ಆಡುತ್ತಾರೆ. ಸುತ್ತಲ ಊರುಗಳೆಲ್ಲ ಸೇರುತ್ತವೆ. ಆ ತೊಗಲಿನ ಚೆಂಡನ್ನು ಹೊಲಿಯುವುದು ಚಮ್ಮಾರರ ಕೈ. ಕರೆದರೆ ಸೇರುವ ಅಭ್ಯಾಸ ಈ ಸೀಮೆಗೆ ಹಳೆಯದು, ನಿಜ. ಆದರೆ ಸೇರುವುದು ಬೇರೆ, ಸಮನಾಗಿ ನಿಲ್ಲುವುದು ಬೇರೆ.

2013ರಲ್ಲಿ ಮೂಡುಬಿದಿರೆ ಹತ್ತಿರದ ನಿಡ್ಡೋಡಿಗೆ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆಂಬ ಸುದ್ದಿ ಹಬ್ಬಿತು. ಅಷ್ಟು ದೊಡ್ಡ ಸ್ಥಾವರ ಪೂರ್ತಿ ಉರಿದರೆ ವರ್ಷಕ್ಕೆ 2 ಕೋಟಿ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ನಿಡ್ಡೋಡಿಯವರು ಈ ಲೆಕ್ಕ ಹಿಡಿದು ಎದ್ದವರಲ್ಲ. 2010ರಲ್ಲಿ ಉಡುಪಿ ಜಿಲ್ಲೆಯ ನಂದಿಕೂರಿನ ಬಳಿ ಶುರುವಾದ ಸ್ಥಾವರದ ಹಾರುಬೂದಿಯ ಗೋಳು ಅವರಿಗೆ ನೆರೆಯೂರಿನವರ ಬಾಯಿಂದಲೇ ತಿಳಿದಿತ್ತು. ಮಾತೃಭೂಮಿ ಸಂರಕ್ಷಣಾ ಸಮಿತಿ ಕಟ್ಟಿದರು. ಹಿಂದೂ, ಕ್ರೈಸ್ತ ರೈತರು ಒಂದೇ ಸಾಲಲ್ಲಿ ನಿಂತರು. ಸ್ಥಾವರ ಬರಲಿಲ್ಲ.

ಆ ಧೈರ್ಯ ಎಲ್ಲಿಂದ ಬಂತು? ನಾವು ಹೇಳ್ತೇವೆ: ಅದರ ಒಂದು ಬೇರು 1974ರಲ್ಲಿ ಜಾರಿಯಾದ ಭೂಸುಧಾರಣೆ ತಿದ್ದುಪಡಿಯಲ್ಲಿದೆ. ಧಣಿಗೆ ಗೇಣಿ ಅಳೆಯುತ್ತಿದ್ದ ಒಕ್ಕಲು ಈ ಜಿಲ್ಲೆಯಲ್ಲಿ ಡಿಕ್ಲರೇಶನ್ ಹಾಕಿ ಭೂಮಿಯ ಒಡೆಯನಾದ. ಒಡೆಯನಾದವನು ಸರಕಾರಕ್ಕೆ 'ಕೊಡುವುದಿಲ್ಲ' ಎನ್ನಬಲ್ಲ. ಗೇಣಿದಾರನಾಗಿಯೇ ಉಳಿದಿದ್ದರೆ ಧಣಿ ಮಾರಿದ ದಿನ ಗಂಟು ಕಟ್ಟಬೇಕಿತ್ತು.

ಆದರೆ ಆ ಕಾಯ್ದೆ ಭೂಮಿ ಕೊಟ್ಟದ್ದು ಗೇಣಿ ಇದ್ದವನಿಗೆ. ಅದೇ ಗದ್ದೆಯಲ್ಲಿ ನೇಜಿ ನೆಟ್ಟು, ತೆನೆ ಕೊಯ್ದ ದಲಿತರಲ್ಲಿ ಬಹುಪಾಲು ಜನ ಕೂಲಿಗಳು. ಅವರಿಗೆ ಗೇಣಿಯೇ ಇರಲಿಲ್ಲ. ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆಯುವ ಕೊರಗರ ಕತೆ ಇನ್ನೂ ಕಷ್ಟದ್ದು. ಅವರ ಮೇಲಿನ ಅಜಲು ಪದ್ಧತಿಯನ್ನು ನಿಷೇಧಿಸುವುದಕ್ಕೇ 2000ದ ಇಸವಿವರೆಗೆ ಕಾಯಬೇಕಾಯಿತು.

ಮಳೆ ಹಿಂದುಮುಂದಾದರೆ ಮೊದಲು ಕೂಲಿ ತಪ್ಪುವುದು ಇವರಿಗೆ. ಹೊಳೆ ಉಕ್ಕಿದರೆ ಮೊದಲು ನೀರು ನುಗ್ಗುವುದು ತಗ್ಗಿನ ಗುಡಿಸಲಿಗೆ. ಸಭೆಯಲ್ಲಿ ಮಾತ್ರ ಇವರ ಸರದಿ ಕೊನೆಗೆ!

ಪರಿಸರ ಉಳಿಸಹೊರಟ ಗೆಳೆಯರೇ, ಪರಸ್ಪರ ನಂಬಿಕೆ, ನೆರೆಯವರ ಅನುಭವ, ಕಾಲಕೆಳಗೆ ಸ್ವಂತ ನೆಲ ಇದ್ದಲ್ಲಿ ಊರು ಏಳುತ್ತದೆ ಅಂತ ನಿಡ್ಡೋಡಿ ತೋರಿಸಿದೆ. ತುಂಡು ನೆಲವಿಲ್ಲದವನನ್ನು ಭೂಮಿ ಉಳಿಸು ಬಾ ಅಂತ ಕರೆಯುವುದು ಯಾವ ನ್ಯಾಯ? ಹೋರಾಟ ಸಮಿತಿಗಳ ಮೊದಲ ಬೇಡಿಕೆ ಭೂಮಿ ಹಂಚಿಕೆಯಾಗಲಿ. ಸಭೆಯ ಮೊದಲ ಮಾತು ಭೂಮಿ ಇಲ್ಲದವರದಾಗಲಿ.