ಬಚ್ಚಿಡುವ ರೋಗದ ಚರಿತ್ರೆ

ಮಂಗಳೂರಿನ ಫಳ್ನೀರ್‌ನಿಂದ ಕಂಕನಾಡಿಗೆ ಕಾಲ್ನಡಿಗೆಯ ದೂರ. ದಾರಿಯಲ್ಲಿ ಆಸ್ಪತ್ರೆಗಳು, ಔಷಧದ ಅಂಗಡಿಗಳು, ಫ್ಲ್ಯಾಟುಗಳು, ನಡುವೆ ಅಲ್ಲೊಂದು ಇಲ್ಲೊಂದು ಹಳೆಯ ಹಂಚಿನ ಮನೆ. ಹೃದಯದ ಕಾಯಿಲೆಗೆಂದು, ಹೆರಿಗೆಗೆಂದು ದೂರದೂರಿನಿಂದ ಜನ ಇತ್ತ ಬರುತ್ತಾರೆ. ರೋಗದ ಹೆಸರು ಹೇಳಲು ಯಾರೂ ನಾಚುವುದಿಲ್ಲ. ಆದರೆ ಮಗ 'ಐಸ್'ಗೋ ಎಂಡಿಎಂಎಗೋ ಬಲಿಯಾಗಿದ್ದಾನೆಂದು ತಿಳಿದ ದಿನ ನಮ್ಮ ಮನೆಗಳ ಬಾಗಿಲು ಮುಚ್ಚಿಕೊಳ್ಳುತ್ತದೆ. ನೆರೆಯವರಿಗೆ ತಿಳಿಯಬಾರದು, ಸಂಬಂಧಿಕರಿಗೆ ತಿಳಿಯಬಾರದು, ಮಗಳ ಮದುವೆ ನಿಂತು ಹೋಗಬಾರದು. ಹೀಗೆ ಬಚ್ಚಿಟ್ಟ ರೋಗ ಒಳಗೊಳಗೇ ಬಲಿಯುತ್ತದೆ.

'ಐಸ್' ಎಂದರೆ ಮೆಥಾಂಫೆಟಮಿನ್. ಇದು ಹುಟ್ಟಿದ್ದು ಪ್ರಯೋಗಾಲಯದಲ್ಲಿ. 1893ರಲ್ಲಿ ಜಪಾನಿನ ವಿಜ್ಞಾನಿ ನಾಗಾಯ್ ನಾಗಾಯೋಶಿ ಎಫೆಡ್ರಿನ್‌ನಿಂದ ಇದನ್ನು ತಯಾರಿಸಿದರು. 1938ರಲ್ಲಿ ಜರ್ಮನಿಯಲ್ಲಿ 'ಪರ್ವಿಟಿನ್' ಎಂಬ ಹೆಸರಿನ ಮಾತ್ರೆಯಾಗಿ ಮಾರುಕಟ್ಟೆಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ನಿದ್ದೆಗೆಟ್ಟು ಹೋರಾಡಲೆಂದು ಸೈನಿಕರಿಗೆ ಹಂಚಲಾಯಿತು. ಎಂಡಿಎಂಎ ಇದೇ ಕುಟುಂಬದ ಇನ್ನೊಂದು ವಸ್ತು. ಅದರ ಪೂರ್ಣ ಹೆಸರಿನೊಳಗೇ ಮೆಥಾಂಫೆಟಮಿನ್ ಎಂಬ ಪದವಿದೆ. ಅದು ಮೊದಲು ತಯಾರಾದದ್ದು 1912ರಲ್ಲಿ, ಜರ್ಮನಿಯ ಮರ್ಕ್ ಕಂಪೆನಿಯಲ್ಲಿ.

ಯುದ್ಧ ಮುಗಿದ ಬಳಿಕ ಅದರ ಬೆಲೆ ತೆತ್ತದ್ದು ಜಪಾನ್. ಅಲ್ಲಿ 'ಫಿಲೊಪಾನ್' ಎಂಬ ಹೆಸರಲ್ಲಿ ಇದು ಬೀದಿಗೆ ಬಂತು. ಸೋತ, ಹಸಿದ, ಕೆಲಸವಿಲ್ಲದ ಯುವಜನ ಅದಕ್ಕೆ ಅಂಟಿಕೊಂಡರು. 1951ರಲ್ಲಿ ಕಠಿಣ ಕಾನೂನು ಬಂದರೂ 1954ರ ಒಂದೇ ವರ್ಷದಲ್ಲಿ 55 ಸಾವಿರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಅದೇ ವರ್ಷ ಮಾನಸಿಕ ಆರೋಗ್ಯದ ಕಾನೂನನ್ನು ತಿದ್ದಿ ವ್ಯಸನಿಗಳನ್ನು ಆಸ್ಪತ್ರೆಗೆ ಸೇರಿಸಲು ಅವಕಾಶ ಮಾಡಲಾಯಿತು. ಶಿಕ್ಷೆಯ ಜೊತೆ ಚಿಕಿತ್ಸೆಯೂ ಕೂಡಿಕೊಂಡ ನಂತರದ ವರ್ಷಗಳಲ್ಲಿ ಪಿಡುಗು ಇಳಿಯಿತು. ಆದರೆ ಸಮಾಜ ಮೈಮರೆತಾಗ, 1970ರ ದಶಕದಲ್ಲಿ, ಮತ್ತೆ ತಲೆಯೆತ್ತಿತು.

ನಮ್ಮ ಕರಾವಳಿಗೆ ಬರೋಣ. 2023ರ ಜನವರಿಯಲ್ಲಿ ಮಂಗಳೂರು ಪೊಲೀಸರು ಗಾಂಜಾ ಪ್ರಕರಣವೊಂದರಲ್ಲಿ ಬಂಧಿಸಿದವರಲ್ಲಿ ವೈದ್ಯರೂ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. 2025ರ ಮಾರ್ಚ್‌ನಲ್ಲಿ ಮಂಗಳೂರಿನ ಸಿಸಿಬಿ ಪೊಲೀಸರು ಬೆಂಗಳೂರಿನಲ್ಲಿ ಇಬ್ಬರು ವಿದೇಶಿ ಮಹಿಳೆಯರನ್ನು ಬಂಧಿಸಿ, ಸುಮಾರು 37 ಕಿಲೋ ಎಂಡಿಎಂಎ ವಶಪಡಿಸಿಕೊಂಡಿರುವುದಾಗಿ ಪ್ರಕಟಿಸಿದರು. ಅವರು ಹೇಳಿದ ಬೆಲೆ 75 ಕೋಟಿ ರೂಪಾಯಿ. ಕಾನೂನಿನ ಪ್ರಕಾರ ಎಂಡಿಎಂಎಯ 'ವಾಣಿಜ್ಯ ಪ್ರಮಾಣ' ಕೇವಲ 10 ಗ್ರಾಂ. ಸರಕು ಎಷ್ಟು ದೊಡ್ಡದೆಂದು ಓದುಗರೇ ಲೆಕ್ಕ ಹಾಕಬಹುದು. ಇಂಥ ಸುದ್ದಿ ಓದುವಾಗ ನಾವು ಮೊದಲು ಹುಡುಕುವುದು ಬಂಧಿತರ ಹೆಸರು ಯಾವ ಸಮುದಾಯದ್ದೆಂದು. ಆ ಸರಕನ್ನು ಯಾರ ಮಕ್ಕಳು ಸೇವಿಸುತ್ತಾರೆ, ಅವರಿಗೆ ಎಲ್ಲಿ ಚಿಕಿತ್ಸೆ ಎಂದು ಕೇಳುವವರು ಕಡಿಮೆ.

ಈ ವ್ಯಸನದ ಚಿಕಿತ್ಸೆ ಸುಲಭದ್ದಲ್ಲ. ಮದ್ಯ ಬಿಡಿಸಲು ಔಷಧಗಳಿವೆ, ಹೆರಾಯಿನ್‌ಗೆ ಬದಲಿ ಔಷಧಗಳಿವೆ. ಮೆಥಾಂಫೆಟಮಿನ್‌ಗೆ ಅಂಥ ಒಪ್ಪಿತ ಔಷಧ ಇಂದಿಗೂ ಇಲ್ಲ. ಬಿಟ್ಟ ಮೊದಲ ದಿನಗಳಲ್ಲಿ ವಿಪರೀತ ನಿದ್ದೆ, ಖಿನ್ನತೆ, ಕೆಲವೊಮ್ಮೆ ಸಾಯಬೇಕೆಂಬ ಆಲೋಚನೆ. ಯಾರೋ ಹಿಂಬಾಲಿಸುತ್ತಿದ್ದಾರೆಂಬ ಭ್ರಮೆಯೂ ಕಾಡಬಹುದು. ಸೇದುವ ಹಂಬಲ ತಿಂಗಳುಗಟ್ಟಲೆ ಮರುಕಳಿಸುತ್ತದೆ. ಆದ್ದರಿಂದ ಒಂದು ವಾರ ಮಲಗಿಸಿ ಮನೆಗೆ ಕಳುಹಿಸಿದರೆ ಸಾಲದು. ದೀರ್ಘಕಾಲದ ಆಪ್ತಸಮಾಲೋಚನೆ, ದಿನಚರಿ, ಕೆಲಸ, ಜೊತೆಗಾರರು ಬೇಕು. ಪುನರ್ವಸತಿ ಎಂದರೆ ಇದೇ.

ಮದ್ದಿಲ್ಲದ ರೋಗಕ್ಕೆ ಆಸ್ಪತ್ರೆ ಕಟ್ಟಿ ಫಲವೇನು ಎನ್ನುವವರಿಗೆ ಕಂಕನಾಡಿಯೇ ಉತ್ತರ. ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಲ್ಪಿಸಿದರು. ಅಂದು ಮನೆಯವರು ಬಚ್ಚಿಡುತ್ತಿದ್ದ, ಊರು ಹೊರಗಟ್ಟುತ್ತಿದ್ದ ರೋಗ ಅದು. ಅದಕ್ಕೆ ಪರಿಣಾಮಕಾರಿ ಔಷಧ ಬಂದದ್ದು 1940ರ ದಶಕದಲ್ಲಿ. ಮದ್ದು ಸಿಗುವ ಅರ್ಧ ಶತಮಾನ ಮೊದಲೇ ರೋಗಿಗೆ ಇಲ್ಲಿ ಮನೆ ಸಿಕ್ಕಿತ್ತು.

ಅದಕ್ಕೂ ಬಹಳ ಹಿಂದೆ, 1284ರಲ್ಲಿ, ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೂ ಸ್ಥಳವಿತ್ತು. ಗುಣವಾಗಿ ಹೊರಡುವವನಿಗೆ, ಒಡನೆಯೇ ದುಡಿಮೆಗೆ ಇಳಿಯಬೇಕಾಗದಿರಲೆಂದು, ಕೈಗೆ ಹಣ ಕೊಡಲಾಗುತ್ತಿತ್ತೆಂದು ಚರಿತ್ರೆ ಹೇಳುತ್ತದೆ. ಮದ್ಯದ ನಿಷೇಧವನ್ನು ಕುರ್‌ಆನ್ ಜಾರಿಗೆ ತಂದದ್ದೂ ಹಂತ ಹಂತವಾಗಿ. ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದವನನ್ನು ಒಬ್ಬರು ಶಪಿಸಿದಾಗ ಪ್ರವಾದಿ(ಸ)ಯವರು ತಡೆದ ಪ್ರಸಂಗ ಬುಖಾರಿಯಲ್ಲಿದೆ. ಪಾಪವನ್ನು ಖಂಡಿಸುತ್ತಲೇ ಮನುಷ್ಯನನ್ನು ಕೈಬಿಡದಿರುವ ಪಾಠ ನಮಗೆ ಹೊಸದೇನಲ್ಲ.

ನಮ್ಮ ದೇಶದಲ್ಲೂ ಮಾದರಿಗಳಿವೆ. ಮದ್ಯವ್ಯಸನಿಯಾಗಿದ್ದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಮದ್ರಾಸಿನಲ್ಲಿ ವ್ಯಸನಿಗಳ ಚಿಕಿತ್ಸೆಗಾಗಿ ಪ್ರತಿಷ್ಠಾನ ಸ್ಥಾಪಿಸಿದರು. ಅವಮಾನವೆಂದು ಮುಚ್ಚಿಡಬಹುದಾಗಿದ್ದ ದುಃಖವನ್ನು ಅವರು ಸಂಸ್ಥೆಯಾಗಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1991ರಿಂದ ವ್ಯಸನ ಚಿಕಿತ್ಸಾ ಕೇಂದ್ರವಿದೆ. ನಮ್ಮದೇ ಜಿಲ್ಲೆಯ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಹಳ್ಳಿಯ ಸಭಾಭವನಗಳಲ್ಲಿ, ಊರವರ ಕಣ್ಣೆದುರಿಗೇ ನಡೆಯುತ್ತವೆ. ಶಿಬಿರ ಮುಗಿಸಿದವರನ್ನು 'ನವಜೀವನ' ಸದಸ್ಯರೆಂದು ಕರೆಯುತ್ತಾರೆ. ಆ ಬಹಿರಂಗತೆಯಲ್ಲೇ ಅರ್ಧ ಚಿಕಿತ್ಸೆಯಿದೆ.

ಪೊಲೀಸರ ಭಯದಿಂದ ಬಚ್ಚಿಡುವವರು ಒಂದು ಮಾತು ತಿಳಿದಿರಬೇಕು. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆ ಪಡೆದರೆ ಆತನನ್ನು ಆ ಅಪರಾಧಕ್ಕಾಗಿ ವಿಚಾರಣೆಗೆ ಗುರಿಪಡಿಸುವಂತಿಲ್ಲ. ಚಿಕಿತ್ಸೆ ಪೂರ್ಣಗೊಳಿಸದಿದ್ದರೆ ಈ ರಕ್ಷಣೆ ಹೋಗಬಹುದು. ಮಾರಾಟಗಾರನಿಗೆ ಈ ರಿಯಾಯಿತಿಯಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾದಕ ವ್ಯಸನದಿಂದಾಗುವ ಮಾನಸಿಕ ಸ್ಥಿತಿಗಳನ್ನೂ ರೋಗವೆಂದು ಪರಿಗಣಿಸಿದೆ, ರೋಗಿಗೆ ಸರಪಳಿ ಬಿಗಿಯುವುದನ್ನು ನಿಷೇಧಿಸಿದೆ. 14446 ರಾಷ್ಟ್ರೀಯ ಸಹಾಯವಾಣಿ.

ಕಾನೂನು ತೆರೆದಿಟ್ಟ ಬಾಗಿಲನ್ನು ಸಮಾಜ ಮುಚ್ಚಬಾರದು. ನಮ್ಮ ಜಮಾಅತ್‌ಗಳು, ಚರ್ಚು, ದೇವಸ್ಥಾನಗಳ ಸಮಿತಿಗಳು ವರ್ಷಕ್ಕೊಮ್ಮೆ ಜಾಥಾ ನಡೆಸಿ, ಭಿತ್ತಿಪತ್ರ ಅಂಟಿಸಿ ಸುಮ್ಮನಾದರೆ ಸಾಲದು. ಬಡ ಕುಟುಂಬದ ಹುಡುಗ ತಿಂಗಳುಗಟ್ಟಲೆ ಉಳಿದು ಗುಣವಾಗಲು ಕೈಗೆಟಕುವ ಕೇಂದ್ರಗಳಿಗಾಗಿ ಸರಕಾರವನ್ನು ಒತ್ತಾಯಿಸಬೇಕು. ಅಲ್ಲಿಂದ ಮರಳಿದವನಿಗೆ ಅಂಗಡಿಯಲ್ಲೋ ವರ್ಕ್‌ಶಾಪಿನಲ್ಲೋ ಕೆಲಸ ಕೊಡಬೇಕು, ಪ್ರಾರ್ಥನೆಯ ಸಾಲಿನಲ್ಲಿ ಪಕ್ಕದಲ್ಲಿ ಜಾಗ ಬಿಡಬೇಕು. ಮದ್ದು ಸಿಗುವವರೆಗೆ ಕಾಯುತ್ತ ಕೂರದೆ ಕುಷ್ಠರೋಗಿಗೆ ಮನೆ ಕಟ್ಟಿದ ಊರು ಇದು. ಅದೇ ಊರಿಗೆ ತನ್ನ ಮಕ್ಕಳಿಗೊಂದು ಮನೆ ಕಟ್ಟುವುದು ಅಸಾಧ್ಯವೇನಲ್ಲ.